ಭೂಕಂಪ, ಪ್ರಮಾದ ಮತ್ತು ಅಭಯದಾನ

1993ನೆಯ ಇಸವಿಯ ಸೆಪ್ಟೆಂಬರ್ 29 ಅನಂತ ಚತುರ್ದಶಿಯ ದಿನ. ದಶಲಕ್ಷಣ ಪರ್ವವು ಅಂದು ಸಮಾಪ್ತಿಗೊಂಡಿತ್ತು. ಉಪವಾಸವಿದ್ದ ಶ್ರಾವಕ ಶ್ರಾವಿಕೆಯರು ಮರುದಿನದ ಪಾರಣೆಯನ್ನೂ, ಅದರ ಬೆನ್ನಿಗೇ ಬರುವ ಕ್ಷಮಾವಣಿಯನ್ನೂ ನೆನೆಯುತ್ತ ಮಲಗಿದ್ದರು. ಅದೇ ದಿನ ಗಣೇಶ ವಿಸರ್ಜನೆ. ಮಹಾರಾಷ್ಟ್ರದ ಲಾತೂರು ಮತ್ತು ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ, ಜಿಲ್ಲೆಗಳ ಹಳ್ಳಿಗರು ತಡರಾತ್ರಿಯವರೆಗೆ ಮೆರವಣಿಗೆಯಲ್ಲಿದ್ದು ಮನೆ ಸೇರಿ ಗಾಢನಿದ್ರೆಗೆ ಸಂದಿದ್ದರು. ನಸುಕಿನ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಸಮೀಪ ಭೂಮಿ ನಡುಗಿತು. ಕಂಪನದ ಪ್ರಮಾಣ ಆರಕ್ಕಿಂತ ತುಸು ಹೆಚ್ಚು. ನಡುಗಿದ್ದು ಕೆಲವೇ ಕ್ಷಣ. ಆ ಕೆಲವು ಕ್ಷಣಗಳಲ್ಲಿ ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳು ಕಲ್ಲುಮಣ್ಣಿನ ಗುಡ್ಡೆಗಳಾದವು. ಸತ್ತವರ ಸಂಖ್ಯೆಯನ್ನು ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ ಹೇಳಲಾಗುತ್ತದೆ. ಗಡಿಯ ಈಚೆಗೆ ಬೀದರ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಮನೆಗಳು ಬಿರುಕು ಬಿಟ್ಟವು.

ಇಷ್ಟು ಮಂದಿಯನ್ನು ಕೊಂದದ್ದು ಯಾವುದು? ಭೂಮಿ ಎಂದು ಉತ್ತರಿಸುವುದು ಸುಲಭ. ಆದರೆ ಬಯಲಿನಲ್ಲಿ ಮಲಗಿದ್ದವನನ್ನು ಭೂಮಿ ಕೊಲ್ಲಲಿಲ್ಲ. ಕೊಂದದ್ದು ಗೋಡೆ, ಕೊಂದದ್ದು ಮಾಳಿಗೆ. ಒರಟು ಕಲ್ಲನ್ನು ಕೆಸರುಮಣ್ಣಿನಲ್ಲಿ ಕೂಡಿಸಿ ಎರಡು ಮೂರು ಅಡಿ ದಪ್ಪಕ್ಕೆ ಎಬ್ಬಿಸಿದ ಗೋಡೆ, ಅದರ ಮೇಲೆ ತೊಲೆ, ಜಂತಿ, ಅವುಗಳ ಮೇಲೆ ವರ್ಷವರ್ಷವೂ ಹೇರುತ್ತ ಬಂದ ಮಣ್ಣು. ಕಂಪನಕ್ಕೆ ಗೋಡೆಯ ಒಳಮುಖ ಒಳಗೆ, ಹೊರಮುಖ ಹೊರಗೆ ಬಿರಿದು ಬಿತ್ತು. ಆಧಾರ ತಪ್ಪಿದ ಮಾಳಿಗೆ ಮಲಗಿದ್ದವರ ಮೇಲೆ ಕುಳಿತಿತು.

ಈ ಮನೆಯ ವರ್ಣನೆಯನ್ನು ಓದುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವ ವಾಚಕನಿಗೂ ಇದು ಪರದೇಶದ ಮನೆ ಎನ್ನಿಸದು. ಇದು ಅವನ ಅಜ್ಜನ ಮನೆ. ಹಲವರಿಗೆ ಇಂದಿಗೂ ಅವರ ಸ್ವಂತ ಮನೆ, ಉಗ್ರಾಣ, ಬಾಡಿಗೆಗೆ ಕೊಟ್ಟ ಮಳಿಗೆ. ಮಳೆಗಾಲಕ್ಕೆ ಮುಂಚೆ ಸೋರದಂತೆ ಮಾಳಿಗೆಗೆ ಸವಳು ಮಣ್ಣು ಹಾಕಿಸುವ ರೂಢಿ ಈ ನಾಲ್ಕೂ ಕಡೆ ಉಂಟು. ಹಳೆಯ ಮಣ್ಣನ್ನು ತೆಗೆಯುವ ರೂಢಿ ಮಾತ್ರ ಇಲ್ಲ. ವ್ಯಾಪಾರಿಗೆ ತೂಕದ ಭಾಷೆ ಬೇಗ ತಿಳಿಯುತ್ತದೆಯಾದ್ದರಿಂದ ಲೆಕ್ಕವನ್ನೇ ಇಡಬಹುದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು ನೂರು ಘನ ಅಡಿ; ತೂಕ ನಾಲ್ಕು ಟನ್ನಿಗೂ ಮೇಲು. ಕ್ವಿಂಟಲ್ ತೂಕದ ನಲವತ್ತು ಚೀಲಗಳನ್ನು ಜಂತಿಯ ಮೇಲೆ ಅಟ್ಟಿ ಹಚ್ಚಿ, ಅದರ ಕೆಳಗೆ ತೊಟ್ಟಿಲು ಕಟ್ಟಿದಂತೆ. ತನ್ನ ಗೋದಾಮಿನಲ್ಲಿ ಹಮಾಲನು ಹಾಗೆ ಚೀಲ ಅಟ್ಟಿದರೆ ಗದರಿಸುವ ಶೆಟ್ಟರು, ತಮ್ಮ ಮೊಮ್ಮಗುವಿನ ತಲೆಯ ಮೇಲಿನ ಅಟ್ಟಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಈ ನೋಡದಿರುವಿಕೆಗೆ ಜಿನಾಗಮದಲ್ಲಿ ಒಂದು ಹೆಸರಿದೆ. ಅದು ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ದ್ವೇಷವನ್ನಾಗಲಿ, ಶಸ್ತ್ರವನ್ನಾಗಲಿ ಮೊದಲು ಎತ್ತಿಕೊಳ್ಳಲಿಲ್ಲ. ಪ್ರಮತ್ತನಾದವನ ಮನ ವಚನ ಕಾಯಗಳ ಪ್ರವೃತ್ತಿಯಿಂದ ಪ್ರಾಣಕ್ಕೆ ಒದಗುವ ಹಾನಿಯನ್ನೇ ಹಿಂಸೆ ಎಂದರು. ಮುನಿಗಳಿಗೆ ವಿಧಿಸಿದ ಪಂಚಸಮಿತಿಗಳಲ್ಲಿ ಆದಾನನಿಕ್ಷೇಪಣವೂ ಒಂದು. ಕಮಂಡಲುವನ್ನು ನೆಲಕ್ಕಿಡುವ ಮುನ್ನ ಆ ನೆಲವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಸವರಿ, ಅನಂತರ ಇಡಬೇಕು. ಒಂದು ಇರುವೆಯ ಸಲುವಾಗಿ ಇಷ್ಟು ಎಚ್ಚರ. ಇಂಥ ಗುರುಗಳ ಪಾದಕ್ಕೆರಗುವ ಶ್ರಾವಕನು ನಲವತ್ತು ಕ್ವಿಂಟಲ್ ಮಣ್ಣನ್ನು ಪಂಚೇಂದ್ರಿಯ ಜೀವಿಗಳ ತಲೆಯ ಮೇಲೆ ಇಡುವಾಗ ಕೆಳಗಿನ ಗೋಡೆ ತಡೆದೀತೇ ಎಂದು ಕೇಳುವುದಿಲ್ಲ. ಮನೆ ಕಟ್ಟುವುದು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ, ನಿಜ. ಆದರೆ ಆರಂಭೀ ಹಿಂಸೆಗೆ ದೊರೆತ ವಿನಾಯಿತಿಯು ಯತ್ನಾಚಾರದಿಂದ ಮಾಡುವವನಿಗೆ ಮಾತ್ರ. ರಾತ್ರಿ ನೀರು ಸೋಸಿ ಕುಡಿದು ಬಿರುಕು ಬಿಟ್ಟ ಗೋಡೆಯ ಕೆಳಗೆ ಆಳುಮಕ್ಕಳನ್ನು ಮಲಗಿಸುವವನ ಅಹಿಂಸೆಯು ಅರ್ಧ ಅಹಿಂಸೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದೂ ಧರ್ಮದ ಹೆಸರಿನಲ್ಲಿಯೇ. ಅವರವರ ಅಸಾತಾವೇದನೀಯದ ಉದಯ, ಅವರವರ ಆಯುಷ್ಯ. ಗೋಡೆ ಕೇವಲ ನಿಮಿತ್ತ ಎನ್ನುವ ಮಾತು. ಕಿಲ್ಲಾರಿಯ ಸುದ್ದಿ ಬಂದಾಗಲೂ, 2001ರ ಜನವರಿ 26ರಂದು ಕಚ್ಛದಲ್ಲಿ ಭೂಮಿ ನಡುಗಿ ಸಹಸ್ರಾರು ಜನ ಮಡಿದಾಗಲೂ ಅಂಗಡಿ ಕಟ್ಟೆಗಳ ಮೇಲೆ ಈ ಮಾತು ಕೇಳಿಬಂದಿತ್ತು. ಇದು ಕರ್ಮಸಿದ್ಧಾಂತವಲ್ಲ, ಕರ್ಮಸಿದ್ಧಾಂತದ ಉಡುಪು ತೊಟ್ಟ ನಿಯತಿವಾದ. ದೇವ ನಾರಕರು, ಚರಮದೇಹಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು, ಇವರ ಆಯುಷ್ಯ ಮಾತ್ರ ನಡುವೆ ಕತ್ತರಿಸದು. ಮಿಕ್ಕ ಸಾಮಾನ್ಯ ಮನುಷ್ಯರ ಆಯುಷ್ಯವು ವಿಷ, ಶಸ್ತ್ರ ಮುಂತಾದ ಬಾಹ್ಯ ಕಾರಣಗಳಿಂದ ಮೊದಲೇ ಮುಗಿಯಬಲ್ಲದು ಎಂದು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವೇ ಸೂಚಿಸುತ್ತದೆ. ಬಾಹ್ಯ ಕಾರಣಕ್ಕೆ ಬೆಲೆಯೇ ಇಲ್ಲದಿದ್ದರೆ ಅಕಾಲಮರಣವೆಂಬ ಮಾತಿಗೆ ಅರ್ಥವೇನು? ಔಷಧದಾನಕ್ಕೆ ಅರ್ಥವೇನು?

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಸದ್ದಾಲಪುತ್ರನೆಂಬ ಕುಂಬಾರನ ಕಥೆಯಿದೆ. ಅವನು ಗೋಶಾಲನ ಅನುಯಾಯಿ; ಎಲ್ಲವೂ ನಿಯತ, ಪ್ರಯತ್ನಕ್ಕೆ ಎಡೆಯಿಲ್ಲ ಎಂದು ನಂಬಿದವನು. ಭಗವಾನ್ ಮಹಾವೀರರು ಅವನ ಅಂಗಳದಲ್ಲಿ ಒಣಗುತ್ತಿದ್ದ ಮಡಕೆಗಳನ್ನು ತೋರಿಸಿ, ಯಾರಾದರೂ ಇವನ್ನು ಒಡೆದುಹಾಕಿದರೆ ಏನು ಮಾಡುವೆ ಎಂದು ಕೇಳುತ್ತಾರೆ. ಹಿಡಿದು ಥಳಿಸುವೆ ಎನ್ನುತ್ತಾನೆ ಕುಂಬಾರ. ಎಲ್ಲವೂ ನಿಯತವಾದರೆ ಒಡೆದವನ ತಪ್ಪೇನು ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ತನ್ನ ಅಂಗಡಿಗೆ ಬೆಂಕಿ ಬಿದ್ದರೆ ವಿಮೆಯ ಕಾಗದ ಹುಡುಕುವವನು, ಪಕ್ಕದೂರಿನ ಮಾಳಿಗೆ ಬಿದ್ದರೆ ಕರ್ಮೋದಯದ ಉಪನ್ಯಾಸ ಮಾಡುವುದು ಆ ಕುಂಬಾರನ ಹಳೆಯ ನಂಬಿಕೆಯೇ. ಕುಂಬಾರನಾದರೂ ಕಡೆಗೆ ತಿದ್ದಿಕೊಂಡನು.

ಕೊಪ್ಪಳದ ನೆಲಕ್ಕಂತೂ ಈ ಉಪನ್ಯಾಸ ಒಪ್ಪುವುದೇ ಇಲ್ಲ. ಕವಿರಾಜಮಾರ್ಗದಲ್ಲಿ ಹೆಸರಾದ ಕೊಪಣವು ಜೈನರ ಮಹಾತೀರ್ಥವಾಗಿತ್ತು. ಇಲ್ಲಿಯ ಬೆಟ್ಟದ ಬಂಡೆಯ ಮೇಲೆ ವರಾಂಗಚರಿತದ ಕರ್ತೃವೆನ್ನಲಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೊರೆಯಲಾಗಿದೆ. ಸಲ್ಲೇಖನದಿಂದ ದೇಹ ಬಿಟ್ಟವರ ನೆನಪನ್ನು ಈ ಸೀಮೆಯ ಕಲ್ಲುಗಳು ಕಾಪಾಡಿಕೊಂಡಿವೆ. ಅವರು ಎಚ್ಚರದಿಂದ, ಸಕಲ ಜೀವರಾಶಿಗಳಲ್ಲಿ ಕ್ಷಮೆ ಬೇಡಿ, ಕಷಾಯಗಳನ್ನು ಕೃಶಗೊಳಿಸಿ, ಬರುವ ಮರಣವನ್ನು ಇದಿರುಗೊಂಡವರು. ಕಿಲ್ಲಾರಿಯ ತಾಯಿಗೆ ಕ್ಷಮೆ ಬೇಡಲು ಕಾಲವಿರಲಿಲ್ಲ. ಮಗ್ಗುಲಿನ ಮಗುವಿನ ಮುಖ ನೋಡಲೂ ಕಾಲವಿರಲಿಲ್ಲ. ಮರಣಕ್ಕೆ ಇಷ್ಟು ಘನತೆ ಕೊಟ್ಟ ಪರಂಪರೆಯ ವಾರಸುದಾರರು, ನಿದ್ದೆಯಲ್ಲಿ ಹೂತುಹೋಗುವ ಮರಣವನ್ನು ವಿಧಿಯೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುವುದು ಆ ಪಾದಗಳಿಗೆ ಮಾಡುವ ಅವಮಾನ.

ಎರಡನೆಯ ಆಕ್ಷೇಪ ಲೌಕಿಕವಾದದ್ದು. ನಮ್ಮದು ಗಟ್ಟಿ ಬಂಡೆಯ ನಾಡು, ಇಲ್ಲಿ ಭೂಕಂಪವಾಗದು ಎಂಬುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. 2002ರ ಭೂಕಂಪ ವಲಯ ನಕ್ಷೆಯು ಈ ಸೀಮೆಯನ್ನು ಎಲ್ಲಕ್ಕಿಂತ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿ ಇರಿಸಿತು. ಜನರನ್ನು ಅನಗತ್ಯವಾಗಿ ಹೆದರಿಸುವುದೂ ಒಂದು ಬಗೆಯ ಹಿಂಸೆಯೇ. ಆದರೆ 1993ರವರೆಗೆ ಕಿಲ್ಲಾರಿಯೂ ಹಾಗೆಯೇ ಅತಿ ಕಡಿಮೆ ಅಪಾಯದ ವಲಯದಲ್ಲಿಯೇ ಇತ್ತು. ಆ ದುರಂತದ ಬಳಿಕವೇ ನಕ್ಷೆ ತಿದ್ದಲ್ಪಟ್ಟಿತು; ಮೊದಲನೆಯ ವಲಯವೆಂಬುದನ್ನೇ ತೆಗೆದುಹಾಕಲಾಯಿತು. ಕಿಲ್ಲಾರಿಗೆ ಮುನ್ಸೂಚನೆಯೂ ಇಲ್ಲದಿರಲಿಲ್ಲ. 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಸಣ್ಣ ಕಂಪನಗಳು ಮೇಲಿಂದ ಮೇಲೆ ಆಗಿದ್ದವು. ಪರ್ಯಾಯದ್ವೀಪವು ಅಲುಗದ ನೆಲವೆಂಬ ಭಾವನೆಯನ್ನು 1967ರ ಕೊಯ್ನಾ, 1993ರ ಕಿಲ್ಲಾರಿ, 1997ರ ಜಬಲ್ಪುರ ಮೂರೂ ಸುಳ್ಳಾಗಿಸಿವೆ. ನೆರೆಯ ಬಳ್ಳಾರಿಯ ಸುತ್ತ 1843ರಲ್ಲಿ ಆದ ಕಂಪನ ಭೂಕಂಪಗಳ ಪಟ್ಟಿಗಳಲ್ಲಿ ದಾಖಲಾಗಿದೆ. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದ ಜನ ದಿನಗಟ್ಟಲೆ ಮನೆಯ ಹೊರಗೆ ಮಲಗಿದರು. ವಿಜಯಪುರ ಜಿಲ್ಲೆಯಲ್ಲಿಯೂ 2021, 2022ರಲ್ಲಿ ಕಂಪನಗಳಾದವು. ಇವೆಲ್ಲ ಸಣ್ಣವು. ಪ್ರಮಾಣ ಒಂದಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಮೂವತ್ತು ಪಟ್ಟು ಏರುತ್ತದೆಂಬುದನ್ನು ಮಾತ್ರ ಮರೆಯಲಾಗದು.

ಇರಲಿ, ಭೂಮಿ ನೂರು ವರ್ಷ ನಡುಗದೆಂದೇ ಇಟ್ಟುಕೊಳ್ಳೋಣ. ಮಳೆ ಬರುವುದಿಲ್ಲವೇ? 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಲಕ್ಷಗಟ್ಟಲೆ ಮನೆಗಳು ಬಿದ್ದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕೊಪ್ಪಳ ಜಿಲ್ಲೆಯೂ ಪೀಡಿತ ಜಿಲ್ಲೆಗಳಲ್ಲಿ ಒಂದು. ಕಿಲ್ಲಾರಿಯಲ್ಲಿ ಕಂಪನಕ್ಕೆ ಬಿದ್ದದ್ದೂ, ಇಲ್ಲಿ ನೆನೆದು ಬಿದ್ದದ್ದೂ ಒಂದೇ ಜಾತಿಯ ಗೋಡೆ. ಭೂಕಂಪಕ್ಕೆಂದು ಗಟ್ಟಿ ಮಾಡಿದ ಗೋಡೆ ಮಳೆಗೂ ನಿಲ್ಲುತ್ತದೆ. ಹಾಕಿದ ಬಂಡವಾಳ ಎರಡೂ ಕಡೆ ಜಮೆಯಾಗುವ ಇಂಥ ವ್ಯವಹಾರವನ್ನು ಯಾವ ವ್ಯಾಪಾರಿ ಬಿಡುತ್ತಾನೆ?

ಇನ್ನು ಪರಿಹಾರಕಾರ್ಯದ ವಿಷಯ. ಜೈನ ಸಮಾಜವು ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲವೆಂಬುದನ್ನು ಶತ್ರುಗಳೂ ಒಪ್ಪುತ್ತಾರೆ. ದುರಂತದ ಸುದ್ದಿ ಬಂದ ಕೂಡಲೇ ಕಂಬಳಿ, ಅಕ್ಕಿ, ಬಿಸ್ಕತ್ತು, ಹಳೆಯ ಬಟ್ಟೆಗಳ ಲಾರಿ ಹೊರಡುತ್ತದೆ. ಲಾರಿಯ ಮುಂದೆ ಬ್ಯಾನರು, ಬ್ಯಾನರಿನ ಮುಂದೆ ಪದಾಧಿಕಾರಿಗಳು, ಛಾಯಾಚಿತ್ರ. ಹದಿನೈದು ದಿನಗಳಲ್ಲಿ ಎಲ್ಲ ಮುಗಿಯುತ್ತದೆ. ದೊಡ್ಡ ಕಂಪನದ ಅನಂತರ ಪಶ್ಚಾತ್ಕಂಪನಗಳು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುತ್ತವೆ. ಮೊದಲ ದಿನ ನಿಂತಿದ್ದ ಬಿರುಕು ಗೋಡೆ ಹತ್ತನೆಯ ದಿನದ ಸಣ್ಣ ಕಂಪನಕ್ಕೆ ಬೀಳುತ್ತದೆ. ಮನುಷ್ಯನ ಬಾಳಿನಲ್ಲಿಯೂ ಹಾಗೆಯೇ. ಅನಾಥ ಮಗುವಿಗೆ ಶಾಲೆ ತಪ್ಪುವುದು, ವಿಧವೆಯ ಹೊಲ ಭಾವಮೈದುನನ ಹೆಸರಿಗೆ ಹೋಗುವುದು, ಪರಿಹಾರದ ಹಣ ಸಾರಾಯಿ ಅಂಗಡಿ ಸೇರುವುದು, ಇವು ಆರು ತಿಂಗಳ ಮೇಲೆ ಬರುವ ಪಶ್ಚಾತ್ಕಂಪನಗಳು. ಆಗ ಲಾರಿಯೂ ಇಲ್ಲ, ಬ್ಯಾನರೂ ಇಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಅದನ್ನು ತೋರಿಸಿದವರೂ ಜೈನರೇ. ಪುಣೆಯ ಶಾಂತಿಲಾಲ್ ಮುತ್ಥಾ ಅವರು ಸ್ಥಾಪಿಸಿದ ಭಾರತೀಯ ಜೈನ ಸಂಘಟನೆಯು ಕಿಲ್ಲಾರಿ ಪ್ರದೇಶದ ಸುಮಾರು 1200 ಮಕ್ಕಳನ್ನು ಪುಣೆಗೆ ಕರೆತಂದು, ವಾಘೋಲಿಯಲ್ಲಿ ವಸತಿ ಕಲ್ಪಿಸಿ, ವರ್ಷಾನುಗಟ್ಟಲೆ ಓದಿಸಿತು. ಆ ಮಕ್ಕಳಲ್ಲಿ ಜೈನರೆಷ್ಟು ಎಂದು ಯಾರೂ ಎಣಿಸಲಿಲ್ಲ. 2001ರಲ್ಲಿ ಕಚ್ಛದಲ್ಲಿ ಅದೇ ಸಂಘಟನೆ ಮುನ್ನೂರಕ್ಕೂ ಹೆಚ್ಚು ಶಾಲೆಗಳನ್ನು ಕಟ್ಟಿಸಿತು. ಭದ್ರೇಶ್ವರದ ಪ್ರಾಚೀನ ಜಿನಾಲಯವೂ ಅಂದು ತೀವ್ರವಾಗಿ ಜಖಂಗೊಂಡು ಅನಂತರ ಪುನರ್ನಿರ್ಮಾಣಗೊಂಡಿತು. ದೇವರ ಮನೆಯೂ ಮಕ್ಕಳ ಶಾಲೆಯೂ ಒಟ್ಟಿಗೆ ಏಳಬಲ್ಲವು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ.

ಸರ್ಕಾರದ ಪುನರ್ವಸತಿಯಲ್ಲಿಯೂ ಕಲಿಯಬೇಕಾದ ಪಾಠವಿದೆ. ವಿಶ್ವಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರವು 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆಡೆ ಕಟ್ಟಿಸಿತು. ಅಗಲವಾದ ನೇರ ರಸ್ತೆ, ಸಾಲುಸಾಲಾದ ಒಂದೇ ಬಗೆಯ ಮನೆ. ಮನೆಗಳು ಗಟ್ಟಿಯಾಗಿದ್ದರೂ ಓಣಿ ಹೋಯಿತು, ಜಗಲಿ ಹೋಯಿತು, ದನದ ಕೊಟ್ಟಿಗೆಗೆ ಜಾಗ ಸಾಲದಾಯಿತು, ಹೊಲ ದೂರವಾಯಿತು. ಅದೇ ಯೋಜನೆಯಲ್ಲಿ ಸಾವಿರಾರು ಹಳ್ಳಿಗಳ ಹಳೆಯ ಮನೆಗಳನ್ನು ಇದ್ದಲ್ಲಿಯೇ ದುರಸ್ತಿ ಮಾಡಿ ಬಲಪಡಿಸುವ ಕೆಲಸವೂ ನಡೆಯಿತು. ಅದಕ್ಕೆ ಶಂಕುಸ್ಥಾಪನೆ ಇಲ್ಲ, ಫಲಕ ಇಲ್ಲ. ಆದುದರಿಂದಲೇ ದಾನಿಗಳ ಕಣ್ಣಿಗೆ ಅದು ಕಡಿಮೆ ಬೀಳುತ್ತದೆ. ಮಾಡುವುದಾದರೂ ಏನು? ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸುವುದು, ಗೋಡೆಯ ಒಳಮುಖದಿಂದ ಹೊರಮುಖದವರೆಗೆ ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಕೂಡಿಸುವುದು, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಬಿಗಿಯುವ ಕಾಂಕ್ರೀಟಿನ ಪಟ್ಟಿ ಹಾಕುವುದು, ಮೂಲೆಗಳನ್ನು ಬೆಸೆಯುವುದು. ಕಲ್ಲುಮಣ್ಣಿನ ದುರ್ಬಲ ಕಟ್ಟಡಗಳನ್ನು ಹೇಗೆ ಬಲಪಡಿಸಬೇಕೆಂಬ ಮಾನಕವನ್ನು ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿಯೇ ಪ್ರಕಟಿಸಿದೆ. ಊರಿನ ಗೌಂಡಿ ಒಮ್ಮೆ ಕಲಿತರೆ ಸಾಕು, ಮಾಡಬಲ್ಲ.

ಈಗ ಬಸದಿ ಮತ್ತು ಮಂದಿರಗಳ ಟ್ರಸ್ಟುಗಳ ಕಡೆಗೆ ತಿರುಗಬೇಕು, ಏಕೆಂದರೆ ಪ್ರಶ್ನೆಯ ಮುಖ್ಯ ಭಾಗ ಇರುವುದು ಅಲ್ಲಿ. ವಾರ್ಷಿಕ ಸಭೆಯಲ್ಲಿ ಓದುವ ಜಮಾಖರ್ಚನ್ನು ಗಮನವಿಟ್ಟು ನೋಡಿದವರುಂಟೇ? ಜಮೆಯ ಕಡೆ ಸವಾಲಿನ ಉತ್ಪನ್ನ, ಕಾಣಿಕೆ, ಅಂಗಡಿ ಬಾಡಿಗೆ, ಠೇವಣಿಯ ಬಡ್ಡಿ. ಖರ್ಚಿನ ಕಡೆ ಪೂಜಾ ಸಾಮಗ್ರಿ, ವೇತನ, ಸುಣ್ಣಬಣ್ಣ, ಅಮೃತಶಿಲೆ, ವಿದ್ಯುದ್ದೀಪಾಲಂಕಾರ. ತನ್ನ ಗಿರಣಿಯ ಯಂತ್ರಕ್ಕೆ ಪ್ರತಿವರ್ಷ ತಪ್ಪದೆ ಸವಕಳಿ ತೆಗೆದಿಡುವ ವಿಶ್ವಸ್ತರು, ಬಸದಿಯ ಗೋಡೆಗೆ, ಧರ್ಮಶಾಲೆಯ ಮಾಳಿಗೆಗೆ, ವಿದ್ಯಾರ್ಥಿನಿಲಯದ ಮೆಟ್ಟಿಲಿಗೆ ಒಂದು ರೂಪಾಯಿಯನ್ನೂ ತೆಗೆದಿಡುವುದಿಲ್ಲ. ಯಂತ್ರ ಸವೆಯುತ್ತದೆ, ದೇವರ ಗೋಡೆ ಸವೆಯದು ಎಂಬ ಶ್ರದ್ಧೆಯೇ ಇದು? ಹಳೆಯ ಗೋಡೆಯ ಬಿರುಕಿಗೆ ಅಮೃತಶಿಲೆಯ ಹಲಗೆ ಹೊದಿಸಿದರೆ ಬಿರುಕು ಮುಚ್ಚುತ್ತದೆ, ಭಾರ ಹೆಚ್ಚುತ್ತದೆ. ಪರ್ವದ ದಿನ ಆ ಗೋಡೆಯ ಪಕ್ಕದಲ್ಲಿ ಕುಳಿತಿರುವವರು ಸಮಾಜದ ಹೆಂಗಸರು ಮತ್ತು ಮಕ್ಕಳು.

ದೇವದ್ರವ್ಯವನ್ನು ಅನ್ಯ ಕಾರ್ಯಕ್ಕೆ ಬಳಸಲಾಗದು ಎಂಬ ಆಕ್ಷೇಪ ಏಳುವುದು ಸಹಜ; ಅದು ಗೌರವಾರ್ಹವಾದ ಆಕ್ಷೇಪವೂ ಹೌದು. ದೇವರಿಗೆ ಅರ್ಪಿಸಿದ್ದನ್ನು ತಿಂದವನ ಗತಿ ಏನೆಂಬುದನ್ನು ಪೂರ್ವಾಚಾರ್ಯರು ಹೇಳಿದ್ದಾರೆ. ಆದರೆ ಇಲ್ಲಿ ಯಾರೂ ಅದನ್ನು ತಿನ್ನಲು ಕೇಳುತ್ತಿಲ್ಲ. ಜಿನಬಿಂಬವಿರುವ ಗೋಡೆಯನ್ನು ಗಟ್ಟಿಮಾಡುವುದು ದೇವಕಾರ್ಯವಲ್ಲದೆ ಮತ್ತೇನು? ಧರ್ಮಶಾಲೆ, ಭೋಜನಶಾಲೆ, ಪಾಠಶಾಲೆಗಳಿಗೆ ಸಾಧಾರಣ ಖಾತೆಯಿದೆ, ಬಾಡಿಗೆಯ ಆದಾಯವಿದೆ. ಟ್ರಸ್ಟಿನ ಮಳಿಗೆಯಲ್ಲಿರುವ ಬಾಡಿಗೆದಾರನಿಂದ ಪಡೆದ ಹಣದಲ್ಲಿ ಅವನ ತಲೆಯ ಮೇಲಿನ ಮಾಳಿಗೆಯನ್ನು ಸರಿಪಡಿಸುವುದು ದಾನವೂ ಅಲ್ಲ, ಋಣ. ಊರಿನ ಬಡವರ ಮನೆಗಳಿಗೆಂದಾದರೆ ಬೇರೆ ವಂತಿಗೆ ಎತ್ತಬಹುದು. ಒಂದು ಕಲಶದ ಸವಾಲಿನಲ್ಲಿ ಪಟ್ಟು ಹಿಡಿದು ಏರಿಸಿದ ಮೊತ್ತವನ್ನು ಇದಕ್ಕೂ ಏರಿಸುವ ಒಬ್ಬ ಶ್ರಾವಕನಾದರೂ ಮುಂದೆ ಬಾರದಷ್ಟು ಬಡವಾಗಿಲ್ಲ ಈ ಸಮಾಜ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಮೊದಲ ಮೂರಕ್ಕೆ ಪ್ರತಿ ಊರಿನಲ್ಲಿಯೂ ಏನಾದರೊಂದು ಏರ್ಪಾಡಿದೆ. ಅಭಯದಾನವೆಂದರೆ ಮಾತ್ರ ಕಸಾಯಿಖಾನೆಯಿಂದ ಪಶುಗಳನ್ನು ಬಿಡಿಸುವುದೆಂಬಲ್ಲಿಗೆ ಅರ್ಥ ನಿಂತುಹೋಗಿದೆ. ಅದು ಶ್ರೇಷ್ಠವೇ. ಆದರೆ ರಾತ್ರಿ ನಿರ್ಭಯವಾಗಿ ಮಲಗಬಲ್ಲ ಒಂದು ಸೂರನ್ನು ಕೊಡುವುದೂ ಅಭಯದಾನವೇ ಅಲ್ಲವೇ?

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳೊಂದಿಗೆ ಕೊಪ್ಪಳ ಜಿಲ್ಲೆ ರೂಪುಗೊಂಡಿತು. ಮುಂದೆ ತಾಲ್ಲೂಕುಗಳು ಹೆಚ್ಚಿದವು. ಈ ನಾಲ್ಕು ಪೇಟೆಗಳ ಟ್ರಸ್ಟುಗಳು, ದಿಗಂಬರ ಶ್ವೇತಾಂಬರ ಭೇದವೆಣಿಸದೆ ಒಂದು ದಿನ ಕೂಡಿ ಕುಳಿತರೆ, ಮಾಡಬೇಕಾದ ಕೆಲಸ ಬೆಟ್ಟದಷ್ಟೇನಿಲ್ಲ. ತಮ್ಮ ಸ್ವಾಧೀನದ ಎಲ್ಲ ಕಟ್ಟಡಗಳನ್ನೂ ಅರ್ಹ ಇಂಜಿನಿಯರಿಂದ ಪರೀಕ್ಷಿಸಿ, ವರದಿಯನ್ನು ವಾರ್ಷಿಕ ಸಭೆಯಲ್ಲಿ ಬಹಿರಂಗವಾಗಿ ಓದಬೇಕು. ಮಕ್ಕಳು ಮಲಗುವ ನಿಲಯಕ್ಕೆ ಮೊದಲ ಸರದಿ, ಯಾತ್ರಿಕರ ಧರ್ಮಶಾಲೆಗೆ ಎರಡನೆಯದು, ಮಹಾದ್ವಾರದ ಅಲಂಕಾರಕ್ಕೆ ಕಟ್ಟಕಡೆಯದು. ಪ್ರಾಚೀನ ಬಸದಿಗಳು ಸಂರಕ್ಷಿತ ಸ್ಮಾರಕಗಳಾಗಿದ್ದರೆ ಪುರಾತತ್ವ ಇಲಾಖೆಗೆ ಬರೆಯಬೇಕು. ಉತ್ತರ ಬರುವವರೆಗೆ ಬರೆಯುತ್ತಿರಬೇಕು. ವರ್ಷಕ್ಕೊಮ್ಮೆ ಊರ ಗೌಂಡಿಗಳನ್ನು ಕರೆಸಿ, ದಿನಗೂಲಿ ಕೊಟ್ಟು, ಗೋಡೆ ಬಿಗಿಯುವ ವಿದ್ಯೆಯನ್ನು ಕಲಿಸಬೇಕು. ಲೆಕ್ಕಪತ್ರದಲ್ಲಿ ಸವಕಳಿ ನಿಧಿಯೆಂಬ ಒಂದು ಬಾಬು ತೆರೆಯಬೇಕು.

ಕ್ಷಮಾವಣಿಯ ದಿನ ಪ್ರತಿ ಮನೆಯಲ್ಲಿಯೂ ತಿಳಿದೋ ತಿಳಿಯದೆಯೋ ಆದ ಅಪರಾಧಗಳಿಗೆ ಕ್ಷಮೆ ಬೇಡುವ ಪದ್ಧತಿಯಿದೆ. ತಿಳಿಯದೆ ಆದದ್ದಕ್ಕೆ ಕ್ಷಮೆಯುಂಟು. 1993ರ ಆ ನಸುಕಿನ ಬಳಿಕ ಕಲ್ಲುಮಣ್ಣಿನ ಗೋಡೆಯ ವಿಷಯದಲ್ಲಿ ಯಾರೂ ತಿಳಿಯದವರಲ್ಲ. ಇನ್ನು ಮುಂದೆ ಆ ಗೋಡೆಗಳಲ್ಲಿ ಒಂದು ಬಿದ್ದು ಒಂದು ಜೀವ ಹೋದರೆ, ಅದನ್ನು ಭೂಮಿಯ ಖಾತೆಗಾಗಲಿ, ಸತ್ತವನ ಕರ್ಮದ ಖಾತೆಗಾಗಲಿ ಬರೆಯಲಾಗದು. ಅದು ನೋಡಿಯೂ ನೋಡದಂತಿದ್ದವರ ಖಾತೆಗೆ ಸೇರುತ್ತದೆ.